ಅರ್ಧಾಣೆಯ ಓದು

ಪುಸ್ತಕದ ಹುಚ್ಚು ಹಿಡಿದವನಿಗೆ ದಿನಕ್ಕೆ ಎಷ್ಟು ಸಣ್ಣಪುಟ್ಟ ಸುಖಗಳಿವೆಯೆಂಬುದು ಆ ಹುಚ್ಚಿಲ್ಲದವರಿಗೆ ತಿಳಿಯುವುದು ಕಷ್ಟ. ಅಂಟಿಕೊಂಡ ಹಾಳೆಗಳನ್ನು ಬಿಡಿಸುವುದು, ಹಳೆಯ ರಟ್ಟಿನ ವಾಸನೆ, ಎರವಲು ಹೋದ ಪುಸ್ತಕ ಮನೆಗೆ ಮರಳಿ ಬಂದಾಗಿನ ಅಚ್ಚರಿ - ಇವೆಲ್ಲ ಪಟ್ಟಣದ ಓದುಗರಿಗೆ ಪರಿಚಿತವೇ. ಆದರೆ ಪುಸ್ತಕದ ಅಂಗಡಿಯನ್ನೇ ಕಾಣದೆ ಬೆಳೆದವರಿಗೆ ಈ ಹುಚ್ಚು ಎಲ್ಲಿಂದ ಹತ್ತುತ್ತದೆ, ಯಾರ ಹಣದಿಂದ ಬೆಳೆಯುತ್ತದೆ? ನಮ್ಮ ಸಿರುಗುಪ್ಪದ ಸೀಮೆಯ ಚರಿತ್ರೆಯಲ್ಲಿ ಇದಕ್ಕೊಂದು ಉತ್ತರವುಂಟು.

ಸಿರುಗುಪ್ಪ ಭತ್ತದ ಊರು. ತುಂಗಭದ್ರೆಯ ದಂಡೆ, ವಿಜಯನಗರದ ಕಾಲದಿಂದ ಬಂದ ಕಾಲುವೆ, ಅಕ್ಕಿ ಗಿರಣಿ. ನಾನು ಹುಡುಗನಾಗಿ ಕಂಡ ವಾಚನಾಲಯದ ಮೇಜನ್ನು ಎಷ್ಟು ಒರೆಸಿದರೂ ತೌಡಿನ ಧೂಳು ಹೋಗುತ್ತಿರಲಿಲ್ಲ. ಮನೆಗಳಲ್ಲಿ ಪುಸ್ತಕವೆಂದರೆ ಪಂಚಾಂಗ, ಕುಮಾರವ್ಯಾಸ, ಜೈಮಿನಿ, ಅಷ್ಟೆ. ತಾತನವರ ವ್ಯಾಸಪೀಠದ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ಭಾರತವಿತ್ತು. ಮಳೆಗಾಲದ ರಾತ್ರಿಗಳಲ್ಲಿ ಒಬ್ಬರು ಓದುವರು, ಇನ್ನೊಬ್ಬರು ಅರ್ಥ ಹೇಳುವರು. ಅಕ್ಷರ ಬಾರದ ಅಜ್ಜಂದಿರು ಕೂತಲ್ಲಿಂದಲೇ ಓದಿನ ತಪ್ಪು ಹಿಡಿಯುವರು! ಓದಿನ ಸುಖ ನಮ್ಮ ಕಡೆ ಮೊದಲು ಕಿವಿಗೆ ಸೇರಿದ್ದು. ಕಣ್ಣಿಗೆ ಇಳಿದದ್ದು ಆಮೇಲೆ.

ಇಳಿಸಿದ್ದು ಅಚ್ಚುಕೂಟ. ೧೮೦೦ರಲ್ಲಿ ನಿಜಾಮನು ಕಂಪನಿ ಸರಕಾರಕ್ಕೆ ಒಪ್ಪಿಸಿದ ದತ್ತಮಂಡಲದಲ್ಲಿ ಬಳ್ಳಾರಿಯೂ ಸೇರಿತ್ತು. ಹತ್ತು ವರ್ಷಗಳ ತರುವಾಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ಲಿನ ಅನುವಾದಕ್ಕೆ ಕೂತ. ಅಲ್ಲಿಯೇ ಇದ್ದ ವಿಲಿಯಂ ರೀವ್ ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದ. ಅದು ೧೮೩೨ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಕಿಟೆಲ್ಲರ ನಿಘಂಟು ಹೊರಬರಲು ಇನ್ನೂ ಅರವತ್ತೆರಡು ವರ್ಷಗಳಿದ್ದವು. ಅವರ ಉದ್ದೇಶ ಮತಪ್ರಚಾರ, ಸಂದೇಹವಿಲ್ಲ. ಆದರೆ ಅಚ್ಚಿನ ಮೊಳೆಗಳಿಗೆ ಮತವಿಲ್ಲವಲ್ಲ! ೧೮೪೩ರ ಜುಲೈ ಒಂದರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪಾಕ್ಷಿಕ. ಮರುವರ್ಷವೇ ಅದು ಘಟ್ಟ ಹತ್ತಿ, ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಎಂಬ ಹೆಸರು ತಳೆಯಿತು. ಕನ್ನಡದ ಮೊದಲ ಪತ್ರಿಕೆಗೆ ಮಂಗಳೂರು ತವರಾದರೆ ಬಳ್ಳಾರಿ ಅತ್ತೆಮನೆ. ತವರಿನ ಹೆಸರನ್ನು ಎಲ್ಲರೂ ಹೇಳುತ್ತಾರೆ, ಅತ್ತೆಮನೆಯನ್ನು ಮರೆಯುತ್ತಾರೆ.

ಹಾಗೆಂದು ಬಳ್ಳಾರಿಯವರೆಲ್ಲ ಕನ್ನಡ ಓದಿದರೆಂದಲ್ಲ. ಜಿಲ್ಲೆ ಮದರಾಸಿಗೆ ಸೇರಿತ್ತು. ವಿದ್ಯಾವಂತರ ಮನೆಯಲ್ಲಿ ಇಂಗ್ಲಿಷ್, ರಂಗದ ಮೇಲೆ ತೆಲುಗು. ೧೯೧೩ರ ಏಪ್ರಿಲ್ ೨೩ರಂದು ಹುಟ್ಟಿದ ರಾಯಸಂ ಭೀಮಸೇನರಾಯರೂ ಇದೇ ಗಾಳಿಯಲ್ಲಿ ಬೆಳೆದವರು. (ಆ ದಿನಾಂಕವನ್ನೇ ಯುನೆಸ್ಕೊ ೧೯೯೫ರಲ್ಲಿ ವಿಶ್ವ ಪುಸ್ತಕ ದಿನವನ್ನಾಗಿ ಆರಿಸಿತು, ಕೇಳಿದ್ದರೆ ಅವರು ಖಂಡಿತ ಒಂದು ತಮಾಷೆ ಮಾಡುತ್ತಿದ್ದರು.) ಕನ್ನಡದಲ್ಲಿ ಓದುವಂಥದ್ದೇನಿದೆ ಎಂಬ ತಾತ್ಸಾರ ಅವರಿಗಿತ್ತು. ಹೀಗಿರುವಾಗ ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ ಕೈಗೆ ಬಂತು. ಓದಿದರು, ಆಳು ಬದಲಾದ. ಅಲ್ಲಿಂದ ಮುಂದೆ ಕನ್ನಡವನ್ನು ಹುಡುಕಿ ಹುಡುಕಿ ಓದಿ, ‘ಬೀಚಿ’ ಎಂಬ ಹೆಸರಿನಿಂದ ನಾಡನ್ನೆಲ್ಲ ನಗಿಸಿದರು. ಗಡಿಸೀಮೆಯಲ್ಲಿ ಒಂದು ಪುಸ್ತಕ ಸಕಾಲಕ್ಕೆ ಕೈಗೆ ಸಿಗುವುದು ಎಷ್ಟು ದೊಡ್ಡ ಮಾತು! ಒಂದು ಭಾಷೆಗೆ ಒಬ್ಬ ಲೇಖಕ ದಕ್ಕುವುದೂ ತಪ್ಪಿಹೋಗುವುದೂ ಅದರಲ್ಲಿದೆ.

ಆದರೆ ಸಕಾಲಕ್ಕೆ ಕೈಗೆ ಸಿಗುವಂತೆ ಮಾಡುವವರು ಯಾರು? ದೈವಕ್ಕೆ ಬಿಟ್ಟರೆ ಸಾಲದು ಎಂದು ಮದರಾಸಿನಲ್ಲಿ ಒಬ್ಬರಿಗೆ ತೋಚಿತ್ತು. ಗಣಿತದ ಮೇಷ್ಟರಾಗಿದ್ದು ೧೯೨೪ರಲ್ಲಿ ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಎಸ್. ಆರ್. ರಂಗನಾಥನ್ ಅವರಿಗೆ. ಅವರ ಪಟ್ಟುಬಿಡದ ದುಡಿಮೆಯ ಫಲವೇ ೧೯೪೮ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾನೂನು; ಸ್ವತಂತ್ರ ಭಾರತದಲ್ಲಿ ಇಂಥದರಲ್ಲಿ ಮೊದಲನೆಯದು. ಮನೆಗಂದಾಯದ ಪ್ರತಿ ರೂಪಾಯಿಗೆ ಆರು ಪೈ, ಎಂದರೆ ಅರ್ಧಾಣೆ, ಗ್ರಂಥಾಲಯದ ಕರ. ವರ್ಷಕ್ಕೆ ಎಂಟು ರೂಪಾಯಿ ಕಂದಾಯ ಕಟ್ಟುವವನು ನಾಲ್ಕಾಣೆಯನ್ನು ಪುಸ್ತಕಕ್ಕೆಂದು ಕೊಟ್ಟಂತೆ. ಅದನ್ನು ಕಟ್ಟಿದವರಲ್ಲಿ ಎಷ್ಟೋ ಮಂದಿ ಒಂದು ಪುಸ್ತಕವನ್ನೂ ತೆರೆದವರಲ್ಲ. ನನ್ನಂಥವರ ಸುಖಕ್ಕೆ ತೆತ್ತವರು ಅವರು. ಗಿರಣಿಯವರು, ಜವಳಿಯವರು, ಹಂಚಿನ ಮನೆಯ ಮುದುಕಿಯರು. ಜ್ಞಾನದಾಸೋಹವೆಂದು ದೊಡ್ಡ ಮಾತಾಡುವ ನಾವು ಈ ಅರ್ಧಾಣೆಯನ್ನು ನೆನೆಯುವುದು ಕಡಿಮೆ.

ಆ ವಾಚನಾಲಯದ ಸುಖವೇ ಬೇರೆ. ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದುತ್ತಿದ್ದೆವು. ಕತೆಯ ಅರ್ಧ ನನ್ನ ಕೈಯಲ್ಲಿ, ಉಳಿದರ್ಧ ಎದುರಿನ ಬೆಂಚಿನವರ ಕೈಯಲ್ಲಿ. ಅವರು ಕನ್ನಡಕ ಒರೆಸಿಕೊಂಡು ಮೆಲ್ಲಗೆ ಓದುವುದನ್ನು ಕಾಯುವುದೂ ಒಂದು ತಪಸ್ಸು. ಪುಸ್ತಕದ ಕೊನೆಗೆ ಅಂಟಿಸಿದ ತಾರೀಖಿನ ಚೀಟಿಯನ್ನು ನಾನು ಪುಸ್ತಕಕ್ಕಿಂತ ಮೊದಲು ನೋಡುತ್ತಿದ್ದೆ. ಒಂದೇ ತಿಂಗಳಲ್ಲಿ ಮೂರು ಮೊಹರು ಬಿದ್ದಿದ್ದರೆ ಕತೆ ಚೆನ್ನಾಗಿದೆಯೆಂದೇ ಅರ್ಥ. ವಿಮರ್ಶಕರು ಆ ಚೀಟಿಯಷ್ಟು ಪ್ರಾಮಾಣಿಕರಾಗಿದ್ದದ್ದನ್ನು ನಾನು ಹೆಚ್ಚು ಕಂಡಿಲ್ಲ. ಒಂದು ಕನ್ನಡ ಕಾದಂಬರಿಯ ಕೊನೆಯ ಪುಟದಲ್ಲಿ ಯಾರೋ ಪೆನ್ಸಿಲಿನಿಂದ ತೆಲುಗಿನಲ್ಲಿ, ನಾಯಕಿಯನ್ನು ಸಾಯಿಸಬಾರದಿತ್ತು ಎಂದು ಬರೆದಿದ್ದರು. ಅದರ ಕೆಳಗೆ ಬೇರೊಂದು ಕೈಬರಹದ ಕನ್ನಡ: ಸಾಯದಿದ್ದರೆ ನೀವು ಇಷ್ಟು ಬರೆಯುತ್ತಿದ್ದಿರಾ? ಪುಸ್ತಕ ಕೆಡಿಸುವುದು ಅಪರಾಧ, ನಿಜ. ಆ ಪುಟವನ್ನು ಮಾತ್ರ ರಬ್ಬರಿನಿಂದ ಅಳಿಸುವ ಮನಸ್ಸು ಯಾರಿಗೂ ಬರಲಿಲ್ಲ.

೧೯೫೩ರ ಅಕ್ಟೋಬರ್ ಒಂದರಂದು ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ. ಸಿರುಗುಪ್ಪ, ಬಳ್ಳಾರಿ ಮೊದಲಾದವು ಮೈಸೂರಿಗೆ. ಬಳ್ಳಾರಿಗಾಗಿ ನಡೆದ ಜಗ್ಗಾಟ, ಮಿಶ್ರಾ ಆಯೋಗದ ವಿಚಾರಣೆ ಎಲ್ಲ ಹಿರಿಯರ ಬಾಯಲ್ಲಿ ಬಹಳ ಕಾಲ ಇದ್ದವು. ಅಷ್ಟರಲ್ಲಿ ಒಂದು ವಿಚಿತ್ರವನ್ನು ಗಮನಿಸಿದವರು ಕಡಿಮೆ. ರಾಜ್ಯ ಎರಡಾದರೂ ಗ್ರಂಥಾಲಯದ ಕಾನೂನು ಒಂದೇ ಉಳಿಯಿತು. ಆಂಧ್ರ ಪ್ರದೇಶ ೧೯೬೦ರಲ್ಲಿ ತನ್ನದೇ ಕಾನೂನು ಮಾಡುವವರೆಗೆ ಆ ಕಡೆ, ಮೈಸೂರಿನ ೧೯೬೫ರ ಕಾನೂನು ಮರುವರ್ಷ ಜಾರಿಗೆ ಬರುವವರೆಗೆ ಈ ಕಡೆ, ಅದೇ ಮದರಾಸಿನ ಲೆಕ್ಕ. ಆದೋನಿಯ ವರ್ತಕನೂ ಸಿರುಗುಪ್ಪದ ರೈತನೂ ಬೇರೆ ಬೇರೆ ಖಜಾನೆಗೆ ಕಂದಾಯ ಕಟ್ಟುತ್ತ, ಪುಸ್ತಕದ ಬಾಬಿಗೆ ಮಾತ್ರ ಮೊದಲಿನಂತೆ ರೂಪಾಯಿಗೆ ಅರ್ಧಾಣೆ ಎಣಿಸಿಡುತ್ತಿದ್ದರು.