ನಿರ್ಗಮನದ ಬೆಳಕು: ಎಲ್‌ಇಡಿ ಪ್ಯಾನೆಲುಗಳಲ್ಲಿ ತುರ್ತುದೀಪದ ಬೆಳವಣಿಗೆ

ಇತ್ತೀಚಿನ ವರ್ಷಗಳಲ್ಲಿ ನಮ್ಮ ಬೆಂಗಳೂರು ನಗರದ ಕಟ್ಟಡಗಳ ಮಾಲೀಕರಲ್ಲಿಯೂ, ಅವರಿಗೆ ದೀಪಸಾಮಗ್ರಿಯನ್ನು ಒದಗಿಸುವ ವರ್ತಕರಲ್ಲಿಯೂ ಒಂದು ಅಭಿಪ್ರಾಯವು ಬೇರೂರುತ್ತ ಬಂದಿದೆ. ಕರೆಂಟು ಹಿಂದಿನಂತೆ ಗಂಟೆಗಟ್ಟಲೆ ಹೋಗುವುದಿಲ್ಲ. ಹೋದರೂ ಜನರೇಟರ್ ಇದೆ, ಯುಪಿಎಸ್ ಇದೆ, ಯಾವ ಅಂಗಡಿಯಲ್ಲಾದರೂ ಇನ್ವರ್ಟರ್ ಬಲ್ಬು ದೊರೆಯುತ್ತದೆ. ಹೀಗಿರುವಾಗ ಛಾವಣಿಯ ಎಲ್‌ಇಡಿ ಪ್ಯಾನೆಲಿಗೆ ಬೇರೆಯಾಗಿ ಬ್ಯಾಟರಿಯನ್ನು ಕೂಡಿಸುವುದು ವೃಥಾ ವೆಚ್ಚವೆಂಬುದೇ ಆ ಅಭಿಪ್ರಾಯ. ಈ ವೃತ್ತಿಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವರಿಗೆ ಇದು ಮಿತವ್ಯಯದ ಮಾತಾಗಿ ಕೇಳಿಸದು. ಒಂದು ಶಾಸ್ತ್ರದ ಮೂಲೋದ್ದೇಶವನ್ನೇ ಮರೆತ ಮಾತಾಗಿ ಕೇಳಿಸುತ್ತದೆ. ತುರ್ತುದೀಪವು ಹುಟ್ಟಿದ್ದು ಆಪತ್ಕಾಲದಲ್ಲಿ ಜನರು ಹೊರಬೀಳುವ ದಾರಿಯನ್ನು ಕಾಣಲೆಂದು. ಕರೆಂಟಿಲ್ಲದ ವೇಳೆಯಲ್ಲಿ ವ್ಯಾಪಾರ ಮುಂದುವರಿಯಲೆಂದು ಇರತಕ್ಕ ಸಲಕರಣೆಗಳು ಬೇರೆಯೇ ಉಂಟು. ಬೆಂಕಿ ಬಿದ್ದ ಕಟ್ಟಡದಲ್ಲಿ ತಂತಿಗಳ ಹೊದಿಕೆ ಕರಗಿ ಸರಬರಾಜು ನಿಂತುಹೋಗುವುದು ಸಾಮಾನ್ಯ. ನಿಲ್ಲದಿದ್ದರೆ ಅಗ್ನಿಶಾಮಕ ದಳದವರು ನೀರು ಹಾಯಿಸುವ ಮುನ್ನ ತಾವೇ ಅದನ್ನು ಕಡಿಯುವರು. ನೆಲಮಾಳಿಗೆಯ ಜನರೇಟರಿನಿಂದಲೂ ಯುಪಿಎಸ್ಸಿನಿಂದಲೂ ಮೇಲಿನ ಅಂತಸ್ತುಗಳಿಗೆ ಏರುವ ತಂತಿಗಳು ಬಹುಮಟ್ಟಿಗೆ ಒಂದೇ ಶಾಫ್ಟಿನೊಳಗೆ ಸಾಗುವುದರಿಂದ, ಆ ಶಾಫ್ಟೇ ಹೊತ್ತಿಕೊಂಡ ಪಕ್ಷದಲ್ಲಿ ಮುಖ್ಯ ಸರಬರಾಜೂ ಸೇರಿ ಮೂರೂ ಮೂಲಗಳು ಏಕಕಾಲದಲ್ಲಿ ನಿರರ್ಥಕವಾಗುವುವು. ದೀಪದ ಪಕ್ಕದಲ್ಲಿಯೇ ಅದರ ಶಕ್ತಿಯೂ ಇರಬೇಕೆಂಬ ತತ್ತ್ವ ಹೇಗೆ ರೂಪುಗೊಂಡಿತು, ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ನೆನೆಯುವುದು ಈ ಲೇಖನದ ಉದ್ದೇಶ.

ಇದರ ಬಾಲ್ಯಾವಸ್ಥೆಯನ್ನು ಬೇಗನೆ ಹೇಳಿ ಮುಗಿಸಬಹುದು. 1881ರ ಡಿಸೆಂಬರ್ 8ರಂದು ವಿಯೆನ್ನಾ ನಗರದ ರಿಂಗ್ ಥಿಯೇಟರಿನಲ್ಲಿ ಬೆಂಕಿ ಹೊತ್ತಿ, ಅನಿಲದೀಪಗಳು ನಂದಿ, ಆಪತ್ತಿಗೆಂದೇ ಇದ್ದ ಎಣ್ಣೆಯ ದೀಪಗಳು ಉರಿಯದೆ, ಕಗ್ಗತ್ತಲಲ್ಲಿ ನೂರಾರು ಮಂದಿ ಬಾಗಿಲು ಕಾಣದೆ ಮಡಿದ ತರುವಾಯ ಯೂರೋಪಿನ ನಾಟಕಶಾಲೆಗಳಲ್ಲಿ ಬೆಳಕಿನ ಎರಡನೆಯ ಮೂಲವೊಂದು ಬೇಕೆಂಬ ವಿಚಾರಕ್ಕೆ ಬಲ ಬಂದಿತು. ನಮ್ಮಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದು, 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳನ್ನು ಬೆಳಗಿತು; 1936ರಲ್ಲಿ ಮಲ್ಲೇಶ್ವರದಲ್ಲಿ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಸ್ಥಾಪಿತವಾಗಿ, ದೀಪವು ಇಲ್ಲಿಯೇ ತಯಾರಾಗುವ ವಸ್ತುವಾಯಿತು. ಆದರೆ ದೀಪ ಆರಿದ ಮೇಲಿನ ಗತಿಯನ್ನು ಕುರಿತ ಚಿಂತನೆಯು ಬಹುಕಾಲ ಚಿತ್ರಮಂದಿರಗಳ ಲೈಸೆನ್ಸಿನ ನಿಯಮಗಳನ್ನು ದಾಟಿ ಹೊರಗೆ ಬರಲಿಲ್ಲ. 1970ರಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆಯೂ, 1981ರಲ್ಲಿ ತುರ್ತುದೀಪದ ಘಟಕಗಳನ್ನು ಕುರಿತ ಐಎಸ್ 9583 ಎಂಬ ಮಾನಕವೂ ಬಂದುವು. ಅದೇ ದಶಕದಲ್ಲಿ ರಾಜ್ಯವು ಲೋಡ್ ಶೆಡ್ಡಿಂಗಿನಿಂದ ಬಳಲುತ್ತಿದ್ದುದರಿಂದ, ಒಳಗೆ 6 ವೋಲ್ಟಿನ ಸೀಸದ ಬ್ಯಾಟರಿಯೂ ಎದುರಿಗೆ ಸಣ್ಣ ಟ್ಯೂಬೂ ಉಳ್ಳ, ಕೈಹಿಡಿ ಇರುವ ಪೆಟ್ಟಿಗೆಯೇ ಜನರ ಪಾಲಿಗೆ ಎಮರ್ಜೆನ್ಸಿ ಲ್ಯಾಂಪಾಯಿತು, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿಯೂ ಎಸ್.ಪಿ. ರಸ್ತೆಯಲ್ಲಿಯೂ ಅದು ಧಾರಾಳವಾಗಿ ಮಾರಾಟವಾಯಿತು. ಆ ಪೆಟ್ಟಿಗೆ ಮನೆಮನೆಗೂ ಉಪಕಾರ ಮಾಡಿತೆಂಬುದು ನಿಜ. ತುರ್ತುದೀಪವೆಂದರೆ ಕರೆಂಟು ಹೋದಾಗಿನ ದೀಪವೆಂಬ ಭ್ರಮೆಯನ್ನು ಬಿತ್ತಿದ್ದೂ ಅದೇ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತಾಗ, ತುರ್ತುದೀಪಗಳಿಲ್ಲದ ಸಂಗತಿ ನ್ಯಾಯಾಲಯದ ವಿಚಾರಣೆಯಲ್ಲಿ ಎದ್ದುಕಂಡಿತು.

ನಮ್ಮ ತಲೆಮಾರಿನವರು ಕೆಲಸಕ್ಕಿಳಿದದ್ದು ಈ ಹೊತ್ತಿಗೆ. ನಗರದಲ್ಲಿ ಸಾಫ್ಟ್‌ವೇರ್ ಕಚೇರಿಗಳು ಏಳುತ್ತಿದ್ದ ಆ ಕಾಲದಲ್ಲಿ ಫಾಲ್ಸ್ ಸೀಲಿಂಗಿನ ಎರಡಡಿ ಚೌಕಗಳೊಳಗೆ ಕನ್ನಡಿತಗಡಿನ ಟ್ಯೂಬ್‌ಲೈಟ್ ಪೆಟ್ಟಿಗೆಗಳು ಕುಳಿತವು. ಅವುಗಳಲ್ಲಿ ತುರ್ತುಬೆಳಕನ್ನು ಪಡೆಯಲು ಎರಡು ಪಂಥಗಳು ಹುಟ್ಟಿಕೊಂಡವು. ಮೊದಲನೆಯದು ಕೇಂದ್ರಪಂಥ: ಮೂರು ದೀಪಗಳಲ್ಲಿ ಒಂದನ್ನು ಯುಪಿಎಸ್ಸಿಗೆ ಸೇರಿಸಿಬಿಡುವುದು. ಎರಡನೆಯದು ಸ್ವಯಂಪೂರ್ಣಪಂಥ: ಆಯ್ದ ಪೆಟ್ಟಿಗೆಗಳೊಳಗೆ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನೂ ಪುಟ್ಟ ಇನ್ವರ್ಟರನ್ನೂ ಇಟ್ಟು, ಒಂದು ಟ್ಯೂಬು ಮಾತ್ರ ಮಂದವಾಗಿ ಉರಿಯುವಂತೆ ಮಾಡುವುದು. ಕೇಂದ್ರಪಂಥದವರಿಗೆ ನಿರ್ವಹಣೆ ಸುಲಭ, ಮಾಲೀಕರಿಗೆ ವೆಚ್ಚವೂ ಕಡಿಮೆ. ಬಹುಮತ ಅವರಿಗೇ ದೊರಕಿತು. ಎರಡನೆಯ ಪಂಥದವರು ಕೇಳುತ್ತಿದ್ದ ಪ್ರಶ್ನೆಗೆ ಮಾತ್ರ ಅವರಲ್ಲಿ ಉತ್ತರವಿರಲಿಲ್ಲ. ಯುಪಿಎಸ್ಸಿನ ತಂತಿಯೇ ಬೆಂದಾಗ, ಮೊಗಸಾಲೆಯಲ್ಲಿರುವವನ ಪಾಡೇನು? 2010ರ ಫೆಬ್ರವರಿ 23ರ ಅಪರಾಹ್ನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ ತಂತಿಗಳ ಶಾಫ್ಟಿನಿಂದ ಹೊರಟ ಹೊಗೆಯು ಮೆಟ್ಟಿಲುಗಳನ್ನು ತುಂಬಿ, ದಾರಿ ಕಾಣದ ಜನರು ಕಿಟಕಿಗಳಿಂದ ಧುಮುಕಿ, ಒಟ್ಟು ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಹಾಡುಹಗಲಿನಲ್ಲಿಯೂ ಹೊಗೆಯು ರಾತ್ರಿಯನ್ನು ತರಬಲ್ಲದೆಂಬುದನ್ನೂ, ಶಾಫ್ಟೊಂದನ್ನೇ ನೆಚ್ಚಿಕೊಂಡ ವ್ಯವಸ್ಥೆ ಎಷ್ಟು ದುರ್ಬಲವೆಂಬುದನ್ನೂ ಆ ದಿನವು ಈ ನಗರಕ್ಕೆ ತಿಳಿಸಿತು.

ಅದೇ ದಶಕದಲ್ಲಿ ಛಾವಣಿಗಳ ಸ್ವರೂಪವೇ ಬದಲಾಯಿತು. ನೀಲಿ ಎಲ್‌ಇಡಿಯನ್ನು ಕಂಡುಹಿಡಿದ ಅಕಸಾಕಿ, ಅಮಾನೋ, ನಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 2015ರಲ್ಲಿ ಉಜಾಲಾ ಯೋಜನೆಯು ಆರಂಭವಾಗಿ ಎಲ್‌ಇಡಿ ಬಲ್ಬು ಸಾಮಾನ್ಯರ ಮನೆಗೂ ಬಂದಿತು. ಟ್ಯೂಬ್‌ಲೈಟ್ ಪೆಟ್ಟಿಗೆಗಳ ಸ್ಥಾನದಲ್ಲಿ 36 ಅಥವಾ 40 ವ್ಯಾಟಿನ ಚಪ್ಪಟೆ ಪ್ಯಾನೆಲುಗಳು ಬಂದು ಕುಳಿತಾಗ ಸ್ವಯಂಪೂರ್ಣಪಂಥದವರಾದ ನಮಗೆ ಮೊದಲು ಕಳವಳವೇ ಆಯಿತು. ಹಳೆಯ ಪೆಟ್ಟಿಗೆಯೊಳಗೆ ಬ್ಯಾಟರಿಗೆ ಎಡೆಯಿದ್ದಿತು. ಬೆರಳ ದಪ್ಪದ ಪ್ಯಾನೆಲಿನೊಳಗೆ ಅದಿಲ್ಲ. ಟ್ಯೂಬಿಗೆ ಹೊಂದುತ್ತಿದ್ದ ಇನ್ವರ್ಟರು ನಿಯತ ಪ್ರವಾಹವನ್ನು ಬೇಡುವ ಎಲ್‌ಇಡಿಗೆ ಹೊಂದದು. ಪ್ರತಿಯೊಬ್ಬ ತಯಾರಕನ ಪ್ಯಾನೆಲೂ ಬೇರೆ ಬೇರೆ ವೋಲ್ಟೇಜಿನಲ್ಲಿ ಉರಿಯುತ್ತಿದ್ದುದು ಮೂರನೆಯ ತೊಡಕು. ಆದರೆ ವಿಘ್ನವೆಂದು ತೋರಿದ್ದೇ ಕೊನೆಗೆ ಅನುಕೂಲವಾಗಿ ಪರಿಣಮಿಸಿತು. ಏಕೆಂದರೆ ಎಲ್‌ಇಡಿಯು ತನ್ನ ಪೂರ್ಣಶಕ್ತಿಯ ದಶಾಂಶವನ್ನು ಕೊಟ್ಟರೂ ತಕ್ಷಣವೇ, ಮಿಣುಕದೆ ಬೆಳಗುತ್ತದೆ. ಚೋಕು ಸ್ಟಾರ್ಟರುಗಳ ಕಾಲದಲ್ಲಿ ಇದು ಸುಲಭಸಾಧ್ಯವಾಗಿರಲಿಲ್ಲ.

ಪ್ಯಾನೆಲಿಗೆ ಬ್ಯಾಟರಿಯನ್ನು ಕೂಡಿಸುವ ಜೋಡಣೆಯನ್ನು ಹತ್ತಿರದಿಂದ ನೋಡುವುದು ಉಚಿತ. ಪ್ಯಾನೆಲನ್ನು ಚೌಕಟ್ಟಿನಿಂದ ಮೇಲಕ್ಕೆತ್ತಿ ಓರೆಯಾಗಿ ಇಳಿಸಿದರೆ ಅದರ ಬೆನ್ನಿನ ಮೇಲೆ ಡ್ರೈವರ್ ಎಂಬ ಸಣ್ಣ ಪೆಟ್ಟಿಗೆ ಕಾಣುತ್ತದೆ. ಅದರಿಂದ ಎರಡು ತಂತಿಗಳು ಪ್ಯಾನೆಲಿನೊಳಕ್ಕೆ ಹೋಗುವುವು. ಬ್ಯಾಟರಿಯುಳ್ಳ ತುರ್ತುದೀಪದ ಕಿಟ್ ಡ್ರೈವರಿಗೂ ಪ್ಯಾನೆಲಿಗೂ ನಡುವೆ ನಿಲ್ಲುತ್ತದೆ. ಸ್ವಿಚ್ಚಿಗೆ ಒಳಪಡದ ಫೇಸ್ ತಂತಿಯೊಂದು ಕಿಟ್ಟಿಗೆ ಸದಾ ಬರುತ್ತಿದ್ದು, ಅದರಿಂದ ಬ್ಯಾಟರಿ ತುಂಬುತ್ತಿರುತ್ತದೆ. ಆ ಫೇಸ್ ಸತ್ತುದೇ ತಡ, ಕಿಟ್ಟಿನೊಳಗಿನ ರಿಲೇ ಡ್ರೈವರನ್ನು ಪ್ಯಾನೆಲಿನಿಂದ ಕಳಚಿ ಬ್ಯಾಟರಿಯನ್ನು ಸೇರಿಸುತ್ತದೆ. 36 ವ್ಯಾಟಿನ ಪ್ಯಾನೆಲಿಗೆ ಆಗ ದೊರಕುವುದು ನಾಲ್ಕು ವ್ಯಾಟಿನಷ್ಟು ಶಕ್ತಿ, ಅಂದರೆ ಸುಮಾರು 400 ಲ್ಯೂಮೆನ್ ಬೆಳಕು. ಒಂದೂವರೆ ಗಂಟೆಗೆ 6 ವ್ಯಾಟ್-ಗಂಟೆ ಸಾಕಾಗುವುದರಿಂದ, ನಷ್ಟವನ್ನೂ ವಯಸ್ಸನ್ನೂ ಲೆಕ್ಕಕ್ಕೆ ಹಿಡಿದು ಒಂಬತ್ತು ಹತ್ತು ವ್ಯಾಟ್-ಗಂಟೆಯ ಬ್ಯಾಟರಿಯಿದ್ದರೆ ಕಾರ್ಯವಾಗುತ್ತದೆ. ಪ್ಯಾನೆಲಿನ ವೋಲ್ಟೇಜು ಕಿಟ್ಟಿನ ಮೇಲೆ ಬರೆದ ಮಿತಿಯೊಳಗಿದೆಯೇ ಎಂಬುದನ್ನು ನೋಡದೆ ಜೋಡಿಸತಕ್ಕದ್ದಲ್ಲ.

ರಾಷ್ಟ್ರೀಯ ಕಟ್ಟಡ ಸಂಹಿತೆಯು ಕೇಳುವುದಾದರೂ ಏನು? ನಿರ್ಗಮನಮಾರ್ಗದ ಮಧ್ಯರೇಖೆಯಲ್ಲಿ ನೆಲದ ಮೇಲೆ 10 ಲಕ್ಸ್ ಬೆಳಕು, ಸಾಮಾನ್ಯ ದೀಪ ಆರಿದ ಒಂದು ಸೆಕೆಂಡಿನೊಳಗೆ ಉದಯ, ಒಂದೂವರೆ ಗಂಟೆಯ ಬಾಳಿಕೆ. ಯೂರೋಪಿನ ಮಾನಕವು 1 ಲಕ್ಸಿಗೆ ತೃಪ್ತವಾಗಿರುವಾಗ ನಮ್ಮದು ಹತ್ತುಪಟ್ಟು ಕೇಳುವುದು ಗಮನಾರ್ಹ. ನಮ್ಮ ಜನಸಂದಣಿಯನ್ನು ಬಲ್ಲವರು ಇದನ್ನು ಅತಿಯೆನ್ನಲಾರರು. ಒಂಬತ್ತಡಿ ಎತ್ತರದ ಛಾವಣಿಯಲ್ಲಿ 400 ಲ್ಯೂಮೆನ್ನಿನ ಪ್ಯಾನೆಲು ತನ್ನ ನೇರ ಕೆಳಗೆ ಸುಮಾರು 17 ಲಕ್ಸ್ ಕೊಡುತ್ತದೆ. ಎರಡು ಪ್ಯಾನೆಲುಗಳ ನಡುವೆ 10 ಲಕ್ಸ್ ಉಳಿಯಬೇಕಾದರೆ ಅಂತರವು ಐದು ಮೀಟರನ್ನು ಮೀರಕೂಡದು. ಮೂರರಲ್ಲಿ ಒಂದು ಎಂಬ ರೂಢಿಯ ಲೆಕ್ಕವು ಈ ಪರೀಕ್ಷೆಯಲ್ಲಿ ಬಹಳ ಕಡೆ ಸೋಲುತ್ತದೆ. ಜನರೇಟರ್ ಬೇಕಾದ ಕಟ್ಟಡದಲ್ಲಿ ಬ್ಯಾಟರಿದೀಪವು ಅದರ ಬದಲಾಗಲಾರದೆಂದೂ ಸಂಹಿತೆ ಹೇಳಿದೆ, ಮತ್ತು ಸರಿಯಾಗಿಯೇ ಹೇಳಿದೆ. ಆದರೆ ಜನರೇಟರ್ ಎಚ್ಚೆತ್ತು ಹೊರೆಯನ್ನು ಹೊರಲು ತೆಗೆದುಕೊಳ್ಳುವ ಹತ್ತು ಹದಿನೈದು ಸೆಕೆಂಡುಗಳಲ್ಲಿ ಮೆಟ್ಟಿಲಮೇಲಿನ ಗುಂಪು ಏನಾದೀತೆಂಬುದನ್ನು ನೆನೆದರೆ, ಎರಡೂ ಇರಬೇಕೆಂಬುದು ಸ್ಪಷ್ಟ.

ಬ್ಯಾಟರಿಯ ಕಥೆಯೂ ಇಲ್ಲಿಯೇ ಬರತಕ್ಕದ್ದು. ಫಾಲ್ಸ್ ಸೀಲಿಂಗಿನ ಮೇಲಿನ ನಿಶ್ಚಲವಾದ ಗಾಳಿಯು ಬೇಸಗೆಯಲ್ಲಿ ಕಾದು, ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳನ್ನು ನಾಲ್ಕಾರು ವರ್ಷಗಳಲ್ಲಿ ಸಾಯಿಸುತ್ತಿತ್ತು. ಕ್ಯಾಡ್ಮಿಯಮ್ಮಿನ ವಿಷದ ಚಿಂತೆ ಬೇರೆ. ಈಗ ಪ್ರಚಾರಕ್ಕೆ ಬಂದಿರುವ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬ್ಯಾಟರಿಯು ಹಗುರ, ದೀರ್ಘಾಯು, ಬೆಂಕಿಯ ಭಯದಲ್ಲಿ ತನ್ನ ಇತರ ಲಿಥಿಯಂ ದಾಯಾದಿಗಳಿಗಿಂತ ಸಾಧು. ಈ ದಶಕದ ನಿಜವಾದ ಪ್ರಗತಿ ಇದೇ ಎಂದು ನನ್ನ ದೃಢವಾದ ನಂಬಿಕೆ. ತನ್ನನ್ನು ತಾನೇ ಪರೀಕ್ಷಿಸಿಕೊಂಡು ಹಸಿರು ಕೆಂಪು ಬಿಂದುಗಳಿಂದ ಸುದ್ದಿ ತಿಳಿಸುವ ಕಿಟ್ಟುಗಳೂ, ತಂತಿಯ ಮೂಲಕ ಕಂಪ್ಯೂಟರಿಗೆ ವರದಿ ಮಾಡುವ ಡಾಲಿ ವ್ಯವಸ್ಥೆಯೂ ಬಂದಿವೆ; ಕೆಂಪು ಬಿಂದುವನ್ನು ನೋಡಿ ಬ್ಯಾಟರಿ ಬದಲಿಸುವ ಮನುಷ್ಯನಿಲ್ಲದ ಕಡೆ ಅವು ಅಲಂಕಾರ ಮಾತ್ರ.

ಇಷ್ಟೆಲ್ಲ ಬೆಳವಣಿಗೆಯ ಫಲ ಯಾರಿಗೆ ಸಂದಿತು? ಹೊರವಲಯದ ಗಾಜಿನ ಕಟ್ಟಡಗಳಿಗೆ, ಕಂಪೆನಿಯ ವಿಮಾದಾರರಿಗಾಗಿಯಾದರೂ, ಸಂದಿತು. 1898ರಲ್ಲಿ ಪ್ಲೇಗಿನ ಹಾವಳಿಯಿಂದ ಪಾರಾಗಲು ವಿಶಾಲವಾದ ಬೀದಿಗಳೊಡನೆ ಹುಟ್ಟಿದ ಬಸವನಗುಡಿ ಮಲ್ಲೇಶ್ವರಗಳಲ್ಲಿ, ಅವಕ್ಕಿಂತ ಕೊಂಚ ಹಿರಿದಾದ ಚಾಮರಾಜಪೇಟೆಯಲ್ಲಿ, ಪರಿಸ್ಥಿತಿ ಬೇರೆ. ಅಲ್ಲಿ ಹೆಂಚಿನ ಮನೆಯಿದ್ದ ನಿವೇಶನದಲ್ಲಿ ಈಗ ಮೂರು ನಾಲ್ಕು ಅಂತಸ್ತಿನ ಕಟ್ಟಡ: ಕೆಳಗೆ ಸೀರೆ ಅಂಗಡಿ, ಮೇಲೆ ದಂತವೈದ್ಯರು, ಅದರ ಮೇಲೆ ಟ್ಯೂಷನ್ ತರಗತಿ, ಎಲ್ಲಕ್ಕೂ ಒಂದೇ ಕಿರಿದಾದ ಮೆಟ್ಟಿಲು. ಎತ್ತರವು 15 ಮೀಟರಿಗೆ ಮುಟ್ಟದಿರುವುದರಿಂದ ಬಹುಮಹಡಿ ಕಟ್ಟಡಗಳ ಕಟ್ಟುನಿಟ್ಟು ಇವಕ್ಕೆ ತಗಲದು. ಒಂದೂವರೆ ಗಂಟೆಯ ನಿಯಮವು ಅತಿ ಸಣ್ಣ ಕಟ್ಟಡಕ್ಕೂ ಅನ್ವಯಿಸತಕ್ಕದ್ದೆಂಬ ಸಂಹಿತೆಯ ಆಶಯವನ್ನು ಇಲ್ಲಿ ನೆನಪಿಸುವವರಿಲ್ಲ. ಪ್ಯಾನೆಲುಗಳು ಮಾತ್ರ ಯಥೇಚ್ಛವಾಗಿವೆ.

ಡಿ.ವಿ.ಜಿ. ರಸ್ತೆಯ ಆಸುಪಾಸಿನ ಇಂಥ ಒಂದು ಕಟ್ಟಡದಲ್ಲಿ ನಾನು ಕಂಡದ್ದನ್ನು ಹೇಳಬೇಕು. ಮೆಟ್ಟಿಲ ತಿರುವುಗಳ ಪ್ಯಾನೆಲುಗಳಿಗೆ ಒಳ್ಳೆಯ ಕಿಟ್ಟುಗಳನ್ನೇ ತರಿಸಿ ಹಾಕಿಸಿದ್ದರು. ನಮ್ಮ ವೈರಿಂಗಿನ ಪದ್ಧತಿಯಲ್ಲಿ ಫೇಸ್ ತಂತಿಯು ಸ್ವಿಚ್ ಬೋರ್ಡಿನಲ್ಲಿಯೇ ನಿಂತು, ಛಾವಣಿಗೆ ಏರುವುದು ಸ್ವಿಚ್ ದಾಟಿದ ತಂತಿಯೂ ನ್ಯೂಟ್ರಲ್ಲೂ ಮಾತ್ರ. ಸದಾ ಜೀವಂತವಾದ ತಂತಿ ಬೇಕಾದರೆ ಹೊಸದಾಗಿ ಎಳೆಯಬೇಕು. ಆ ಶ್ರಮಕ್ಕೆ ಹೋಗದೆ, ಇದ್ದ ತಂತಿಗೇ ಕಿಟ್ಟನ್ನು ಸೇರಿಸಿಬಿಟ್ಟಿದ್ದರು. ರಾತ್ರಿ ಅಂಗಡಿ ಮುಚ್ಚಿ ಸ್ವಿಚ್ ಆರಿಸಿದೊಡನೆ ಕಿಟ್ಟಿಗೆ ಅದು ಆಪತ್ತೆಂದೇ ತೋರಿ ಪ್ಯಾನೆಲು ಮತ್ತೆ ಬೆಳಗುತ್ತಿತ್ತು. ದಿನವೂ ಬರಿದಾಗಿ ದಿನವೂ ತುಂಬಿ ಬ್ಯಾಟರಿಗಳು ಸೊರಗಿದವು. ಸ್ವಿಚ್ ಆರಿಸಿದರೂ ದೀಪ ಆರುವುದಿಲ್ಲವೆಂಬ ದೂರಿಗೆ ಬಂದವರು ಬ್ಯಾಟರಿಯ ಕನೆಕ್ಟರನ್ನೇ ಕಿತ್ತು ಹೋದರು. ದೂರು ನಿಂತಿತು, ಪ್ಯಾನೆಲಿನ ಅಂಚಿನಲ್ಲಿ ತುರ್ತುದೀಪವೆಂಬ ಚೀಟಿ ಉಳಿಯಿತು, ಆ ಚೀಟಿಯನ್ನು ನಂಬಿ ಮೇಲಿನ ಅಂತಸ್ತಿನಲ್ಲಿ ಮಕ್ಕಳು ಪಾಠಕ್ಕೆ ಕೂರುತ್ತಿದ್ದರು. ಎಡವಿದ್ದು ಕಿಟ್ಟಲ್ಲ, ಒಂದು ತಂತಿಯ ಅರ್ಥವನ್ನು ಆ ಕೆಲಸಗಾರನಿಗೆ ಯಾರೂ ಹೇಳಿರಲಿಲ್ಲ.

ಕೊರತೆಗಳು ಇನ್ನೂ ಇವೆ. ಹೊಗೆಯು ಮೊದಲು ಛಾವಣಿಯನ್ನೇ ಮುಚ್ಚುವುದರಿಂದ ಪ್ಯಾನೆಲೊಂದರಿಂದಲೇ ಸರ್ವರಕ್ಷಣೆಯಾಗದು. ಮೆಟ್ಟಿಲಂಚಿಗೆ ತಾನೇ ಹೊಳೆಯುವ ಪಟ್ಟಿಯೂ, ಬಾಗಿಲ ಬಳಿ ತಗ್ಗಿನಲ್ಲಿ ಸೂಚನಾಫಲಕವೂ ಜೊತೆಗಿರಬೇಕು. ಕಿಟ್ಟಿನೊಡನೆ ಬರುವ ಕಾಗದದಲ್ಲಿ ಕನ್ನಡದ ಒಂದು ಸಾಲನ್ನೂ ನಾನು ಕಂಡಿಲ್ಲ. ಅದನ್ನು ಜೋಡಿಸುವ ವೈರ್‌ಮನ್ನರಲ್ಲಿ ಬಹಳ ಮಂದಿಗೆ ಓದಲು ಬರುವುದು ಆ ಭಾಷೆಯೇ. ತಿಂಗಳಿಗೊಮ್ಮೆ ಎಂಸಿಬಿಯನ್ನು ಇಳಿಸಿ ದೀಪಗಳನ್ನು ನೋಡುವುದು, ವರ್ಷಕ್ಕೊಮ್ಮೆ ಪೂರ್ಣ ಒಂದೂವರೆ ಗಂಟೆ ಉರಿಸುವುದು, ಎರಡನ್ನೂ ಪುಸ್ತಕದಲ್ಲಿ ಬರೆದಿಡುವುದು: ಇದಕ್ಕೆ ಇಂಜಿನಿಯರನೂ ಬೇಡ, ಕಾವಲುಗಾರನೇ ಮಾಡಬಲ್ಲ, ಆದರೆ ಅಂಥ ಪುಸ್ತಕವಿರುವ ಕಟ್ಟಡಗಳು ಈ ಬಡಾವಣೆಗಳಲ್ಲಿ ಅತಿವಿರಳ.

ತುರ್ತುದೀಪದ ಇತಿಹಾಸವನ್ನು ನಾವು ಇದುವರೆಗೆ ಸಲಕರಣೆಗಳ ಇತಿಹಾಸವೆಂದೇ ಓದಿಕೊಂಡು ಬಂದೆವು. ಸಲಕರಣೆ ಈಗ ಪಕ್ವವಾಗಿದೆ, ಅಗ್ಗವೂ ಆಗಿದೆ, ಪೇಟೆಯಲ್ಲಿ ನಡಿಗೆಯ ದೂರದಲ್ಲಿ ದೊರೆಯುತ್ತದೆ. ಇನ್ನು ಬೇಕಾದದ್ದು ಮೆಟ್ಟಿಲಿನ ಪ್ರತಿ ತಿರುವಿಗೂ ಸ್ವಿಚ್ಚಿಗೆ ಸಿಗದ ಒಂದು ತಂತಿ, ಅದರ ಕಾರಣವನ್ನು ಕನ್ನಡದಲ್ಲಿ ಕಲಿತ ಒಬ್ಬ ವೈರ್‌ಮನ್, ತಿಂಗಳಿಗೊಂದು ಸಹಿ ಬೀಳುವ ಒಂದು ಪುಸ್ತಕ. ಎತ್ತರದ ಲೆಕ್ಕವನ್ನು ಬಿಟ್ಟು ಒಳಗೆ ಸೇರುವ ಜನರ ಲೆಕ್ಕದಿಂದ ಕಟ್ಟಡಗಳನ್ನು ನೋಡಿ, ವ್ಯಾಪಾರದ ಲೈಸೆನ್ಸನ್ನು ನವೀಕರಿಸುವಾಗ ಈ ಮೂರನ್ನೂ ನಗರಾಡಳಿತವು ಕೇಳತೊಡಗಿದರೆ, ಒಂದು ಮೆಟ್ಟಿಲಿನ ಸಣ್ಣ ಕಟ್ಟಡಗಳೇ ಮೊದಲು ಸುಧಾರಿಸುವುವು. ಸುಧಾರಣೆ ಮೊದಲು ಆಗಬೇಕಾದದ್ದೂ ಅಲ್ಲಿಯೇ.