ಮಂಗನ ಕಾಯಿಲೆ: ರಕ್ತದಲ್ಲಿ ಆಂಟಿಬಾಡಿ ಇದ್ದರೆ ಹೆದರಬೇಕಿಲ್ಲವೇ?

"ಹಿಂದೆ ಲಸಿಕೆ ಹಾಕಿಸಿಕೊಂಡಿದ್ದೇನೆ, ಮೈಯಲ್ಲಿ ಆಂಟಿಬಾಡಿ ಇದೆ. ಇನ್ನು ಉಣುಗು ಕಚ್ಚಿದರೂ ಏನಾಗಲ್ಲ." ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ತೋಟ, ಕಾಡಿಗೆ ಹೋಗುವವರು ಹೀಗೆ ನಂಬಿಕೊಳ್ಳುವುದು ಸಹಜ. ಆದರೆ ಇದು ಸರಿಯಲ್ಲ. ಆಂಟಿಬಾಡಿ ಇರುವುದು ಒಂದು, ಅದು ವೈರಸ್ಸನ್ನು ತಡೆಯುವುದು ಇನ್ನೊಂದು.

ಏನಿದು ಕಾಯಿಲೆ?

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಈ ವೈರಸ್ ಪತ್ತೆಯಾಯಿತು. ಸೋಂಕಿರುವ ಉಣುಗು ಕಚ್ಚಿದರೆ ಮನುಷ್ಯರಿಗೂ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಕಾಯಿಲೆ ಬಂದ 100 ಜನರಲ್ಲಿ ಸುಮಾರು 3ರಿಂದ 5 ಜನ ಸಾಯಬಹುದು.

ಎಲ್ಲ ಆಂಟಿಬಾಡಿಯೂ ಒಂದೇ ಅಲ್ಲವೇ?

ಅಲ್ಲ. ಕೆಲವು ಆಂಟಿಬಾಡಿಗಳು ವೈರಸ್ಸಿಗೆ ಸುಮ್ಮನೆ ಅಂಟಿಕೊಳ್ಳುತ್ತವೆ. ಕೆಲವು ಮಾತ್ರ ಅದು ನಮ್ಮ ಜೀವಕೋಶದೊಳಗೆ ಹೋಗದಂತೆ ತಡೆಯುತ್ತವೆ. ಇವೇ ನ್ಯೂಟ್ರಲೈಸಿಂಗ್ ಆಂಟಿಬಾಡಿಗಳು. ಎಲೈಸಾ ಪರೀಕ್ಷೆಯಲ್ಲಿ ಗೊತ್ತಾಗುವುದು ಅಂಟಿಕೊಳ್ಳುವ ಆಂಟಿಬಾಡಿ ಇದೆಯೇ ಎಂದಷ್ಟೇ.

ಎಚ್‌ಐವಿ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಬೇರೆಯೇ ಗುಂಪಿನ ವೈರಸ್, ರೆಟ್ರೊವೈರಸ್. ಸೋಂಕಿತರ ರಕ್ತದಲ್ಲಿ ಆಂಟಿಬಾಡಿ ಧಾರಾಳವಾಗಿರುತ್ತದೆ. ಎಚ್‌ಐವಿ ಪರೀಕ್ಷೆ ಸಾಮಾನ್ಯವಾಗಿ ಹುಡುಕುವುದೂ ಅದನ್ನೇ. ಆದರೂ ಸೋಂಕು ಹೋಗುವುದಿಲ್ಲ. ಆಂಟಿಬಾಡಿ ಬರಿಸುವ ಒಂದು ಎಚ್‌ಐವಿ ಲಸಿಕೆ 2003ರಲ್ಲಿ ದೊಡ್ಡ ಪ್ರಯೋಗದಲ್ಲೇ ಸೋತಿತು.

ತಡೆಯುವ ಶಕ್ತಿಯನ್ನು ಅಳೆಯುವುದು ಹೇಗೆ?

1. ರಕ್ತದಿಂದ ಸೀರಮ್ ಬೇರ್ಪಡಿಸಿ, 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬಿಸಿ ಮಾಡುತ್ತಾರೆ. ಆಂಟಿಬಾಡಿ ಉಳಿಯುತ್ತದೆ, ಫಲಿತಾಂಶ ಕೆಡಿಸುವ ಬೇರೆ ಅಂಶಗಳು ನಿಷ್ಕ್ರಿಯವಾಗುತ್ತವೆ.
2. ಸೀರಮನ್ನು 10, 20, 40, 80 ಪಟ್ಟು ಹೀಗೆ ತೆಳುಮಾಡುತ್ತಾರೆ.
3. ಪ್ರತಿಯೊಂದಕ್ಕೂ ಒಂದೇ ಪ್ರಮಾಣದ ಜೀವಂತ ವೈರಸ್ ಬೆರೆಸಿ, ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಹಾಕುತ್ತಾರೆ.
4. ವೈರಸ್ ಜೀವಕೋಶಗಳನ್ನು ಕೊಂದ ಕಡೆ ಖಾಲಿ ಚುಕ್ಕೆ ಕಾಣುತ್ತದೆ. ಅವನ್ನು ಎಣಿಸುತ್ತಾರೆ.

ಸೀರಮ್ ಇಲ್ಲದ ತಟ್ಟೆಯಲ್ಲಿ 100 ಚುಕ್ಕೆ, 40 ಪಟ್ಟು ತೆಳುಮಾಡಿದ ಸೀರಮ್ ಹಾಕಿದ್ದರಲ್ಲಿ 50 ಚುಕ್ಕೆ ಇದ್ದರೆ, ಆ ರಕ್ತದ ಟೈಟರ್ 40. ಅಂಕಿ ಹೆಚ್ಚಿದ್ದಷ್ಟೂ ತಡೆಯುವ ಶಕ್ತಿ ಹೆಚ್ಚು. ಜೀವಂತ ವೈರಸ್ ಬೇಕಾದ್ದರಿಂದ ಇದು ಊರಿನ ಲ್ಯಾಬ್‌ನಲ್ಲಿ ಆಗುವ ಕೆಲಸವಲ್ಲ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಂಥ ಕಡೆ ಬಿಗಿ ಸುರಕ್ಷತೆಯ ಪ್ರಯೋಗಾಲಯವಿದೆ.

ಮಂಗಗಳ ಮೇಲೆ ಪ್ರಯೋಗ ಏಕೆ?

ತಟ್ಟೆಯಲ್ಲಿ ವೈರಸ್ ಸೋತರೆ ಮೈಯಲ್ಲೂ ಸೋಲುತ್ತದೆ ಎಂದು ಹೇಳಲಾಗದು. ಮನುಷ್ಯರಿಗೆ ಬೇಕೆಂದೇ ಇಂಥ ಸೋಂಕು ಕೊಡುವಂತೆಯೂ ಇಲ್ಲ. ಈ ಕಾಯಿಲೆ ಮಂಗಗಳಿಗೂ ಬರುತ್ತದೆ. ಹಾಗಾಗಿ ಅವುಗಳಿಗೆ ಲಸಿಕೆ ಕೊಟ್ಟು, ಟೈಟರ್ ಅಳೆದು, ಆಮೇಲೆ ವೈರಸ್ ಕೊಟ್ಟು, ಲಸಿಕೆ ಪಡೆಯದ ಮಂಗಗಳ ಜೊತೆ ಹೋಲಿಸುತ್ತಾರೆ. ಎಚ್‌ಐವಿ ಸಂಶೋಧನೆಯಲ್ಲೂ ಮಂಗಗಳಲ್ಲಿ ಅದರ ಹತ್ತಿರದ ವೈರಸ್ ಬಳಸಿ ಹೀಗೇ ಮಾಡುತ್ತಾರೆ.

ಹಾಗಾದರೆ ಹಳೆಯ ಲಸಿಕೆ?

2005ರಿಂದ 2010ರವರೆಗಿನ ಮಾಹಿತಿ ಆಧರಿಸಿದ ಅಧ್ಯಯನದಲ್ಲಿ ಎರಡು ಡೋಸ್‌ನ ರಕ್ಷಣೆ ಸುಮಾರು 62%, ಬೂಸ್ಟರ್ ಸೇರಿದರೆ ಸುಮಾರು 83% ಇತ್ತು. ಒಂದೇ ಡೋಸ್‌ನಿಂದ ಪ್ರಯೋಜನ ಕಾಣಲಿಲ್ಲ. ರಕ್ಷಣೆ ಉಳಿಯಲು ಮತ್ತೆ ಮತ್ತೆ ಬೂಸ್ಟರ್ ಬೇಕಿತ್ತು. ಪರಿಣಾಮ ಸಾಲದೆಂದು 2022ರಲ್ಲಿ ಆ ಲಸಿಕೆ ನಿಂತಿತು. ಹೊಸ ಲಸಿಕೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಂಗಗಳ ಮೇಲೆ ಪರೀಕ್ಷಿಸಿದೆ. ಆದರೆ ಮಂಗಗಳಲ್ಲಿ ಗೆದ್ದ ಲಸಿಕೆ ಮನುಷ್ಯರ ಮೇಲಿನ ಪ್ರಯೋಗಗಳನ್ನೂ ದಾಟಬೇಕು.

ನೀವು ಏನು ಮಾಡಬೇಕು?

* ಕಾಡು, ತೋಟಕ್ಕೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ.
* ಬಂದ ಕೂಡಲೇ ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಿ. ಬಟ್ಟೆಯನ್ನೂ ಬಿಸಿನೀರಿನಲ್ಲಿ ತೊಳೆಯಿರಿ.
* ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರ ಹೋಗಬೇಡಿ. ಆರೋಗ್ಯ ಕೇಂದ್ರಕ್ಕೆ ತಿಳಿಸಿ.
* ಜೋರು ಜ್ವರ, ತಲೆನೋವು, ಮೈಕೈನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

"ಆಂಟಿಬಾಡಿ ಇದೆ, ಹೆದರಬೇಡಿ" ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಕೇಳಿ: ಯಾವ ಆಂಟಿಬಾಡಿ, ಎಷ್ಟು, ಅದು ವೈರಸ್ಸನ್ನು ತಡೆಯುತ್ತದೆಯೇ? ಉತ್ತರ ಏನೇ ಇರಲಿ, ಡೆಪಾ ತೈಲ ಮರೆಯಬೇಡಿ.