ಎರಡನೆಯ ಸುತ್ತಿನ ಓಟಗಾರ್ತಿ

ಓಟದ ಪಂದ್ಯದಲ್ಲಿ ಜನರ ದೃಷ್ಟಿ ಎರಡು ಕಡೆ ನಿಲ್ಲುತ್ತದೆ. ಪಿಸ್ತೂಲಿನ ಸದ್ದಿಗೆ ಚಿಮ್ಮುವವರನ್ನು ನೋಡುತ್ತಾರೆ. ಆಮೇಲೆ ಕೊನೆಯ ಗೆರೆ ದಾಟುವವರನ್ನು ನೋಡುತ್ತಾರೆ. ನಡುವೆ ಓಡಿದವರನ್ನು ನೆನೆಯುವವರು ಕಡಮೆ. ನಮ್ಮ ನಾಡಿನ ಅಂಥ ಒಬ್ಬ ಓಟಗಾರ್ತಿಯ ವೃತ್ತಾಂತವನ್ನು ಈ ರಾಜ್ಯೋತ್ಸವ ಸಂಚಿಕೆಯ ವಾಚಕರ ಮುಂದಿಡಬೇಕೆಂಬುದು ನಮ್ಮ ಅಪೇಕ್ಷೆ. ಈ ಅಪೇಕ್ಷೆ ಹುಟ್ಟಿದ್ದು ನಮ್ಮ ಅಜ್ಞಾನದಿಂದ. ಅದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಲೇಸು.

2018ರ ಆಗಸ್ಟ್ 30ರಂದು ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಮಹಿಳೆಯರು ನಾಲ್ಕು ಮಂದಿಯ 400 ಮೀಟರ್ ರಿಲೇ ಓಟದಲ್ಲಿ ಚಿನ್ನದ ಪದಕ ಗೆದ್ದರು. ಮರುದಿನ ಬೆಳಿಗ್ಗೆ ಮಣಿನಗರದ ನಮ್ಮ ಬ್ಯಾಂಕಿನಲ್ಲಿ ಗುಜರಾತಿ ಸಹೋದ್ಯೋಗಿಗಳು ಪೇಡೆ ಹಂಚಿದರು. ಗೆದ್ದ ತಂಡದಲ್ಲಿದ್ದ ಸರಿತಾ ಗಾಯಕವಾಡ್ ಈ ರಾಜ್ಯದ ಡಾಂಗ್ ಜಿಲ್ಲೆಯ ಕರಾಡಿ ಆಂಬಾ ಎಂಬ ಹಳ್ಳಿಯ ಆದಿವಾಸಿ ಮನೆತನದವರು. ಮೊದಲು ಖೋ ಖೋ ಆಡುತ್ತಿದ್ದು, ಆಮೇಲೆ ಓಟಕ್ಕೆ ಬಂದವರು. ಅವರ ಕಥೆಯನ್ನೆಲ್ಲ ಹೇಳಿ ಮುಗಿಸಿದ ಕ್ಯಾಷಿಯರ್ ಭಾಯಿ, “ಆಕೆಯ ಕೈಗೆ ಬ್ಯಾಟನ್ ಕೊಟ್ಟವಳು ನಿಮ್ಮ ಕರ್ನಾಟಕದವಳಂತಲ್ಲ, ಯಾರು?” ಎಂದು ಕೇಳಿದರು. ಪೇಡೆ ನಮ್ಮ ಕೈಯಲ್ಲೇ ಉಳಿಯಿತು. ವರ್ಷವರ್ಷವೂ ನವೆಂಬರಿನಲ್ಲಿ ನಾಡಗೀತೆ ಹಾಡುವ ನಮ್ಮ ಬಾಯಿಗೆ ಆ ಹೆಸರು ಬರಲಿಲ್ಲ.

ಆ ಹೆಸರು ಎಂ. ಆರ್. ಪೂವಮ್ಮ.

ಮಾಚೆಟ್ಟಿರ ಮನೆತನದ ಪೂವಮ್ಮನವರು 1990ರ ಜೂನ್ 5ರಂದು ಕೊಡಗಿನ ಗೋಣಿಕೊಪ್ಪಲಿನಲ್ಲಿ ಜನಿಸಿದರು. ಬೆಳೆದದ್ದು, ಓದಿದ್ದು, ಓಟ ಕಲಿತದ್ದು ಮಂಗಳೂರಿನಲ್ಲಿ. ಅವರು ಆರಿಸಿಕೊಂಡದ್ದು 400 ಮೀಟರ್ ಓಟ, ಅಂದರೆ ಮೈದಾನಕ್ಕೆ ಒಂದು ಪೂರ್ತಿ ಸುತ್ತು. ವೇಗದ ಓಟಗಳಲ್ಲಿ ಎಲ್ಲಕ್ಕಿಂತ ಉದ್ದವಾದದ್ದು ಇದೇ. ಮೊದಲ 200 ಮೀಟರಿನಲ್ಲಿ ಶಕ್ತಿಯನ್ನೆಲ್ಲ ವೆಚ್ಚ ಮಾಡಿದರೆ ಕೊನೆಯ 100 ಮೀಟರಿನಲ್ಲಿ ಕಾಲು ಕಲ್ಲಾಗುತ್ತದೆ. ಉಳಿಸಿಕೊಂಡು ಓಡಿದರೆ ಉಳಿದವರು ಮುಂದೆ ಹೋಗಿರುತ್ತಾರೆ. ಸಂಬಳದ ಹಣವನ್ನು ತಿಂಗಳ ಕೊನೆಯವರೆಗೆ ತಲುಪಿಸಬೇಕಾದ ನಮ್ಮಂಥವರಿಗೆ ಈ ಕಷ್ಟ ಬೇಗ ಅರ್ಥವಾದೀತು.

ಪೂವಮ್ಮನವರು ಒಬ್ಬರೇ ಓಡಿ ಗಳಿಸಿದ್ದೂ ಸ್ವಲ್ಪವಲ್ಲ. 2013ರಲ್ಲಿ ಪುಣೆಯಲ್ಲಿ, 2015ರಲ್ಲಿ ಚೀನದ ವುಹಾನಿನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ಗಳಲ್ಲಿ 400 ಮೀಟರ್ ಬೆಳ್ಳಿ. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಅದೇ ಓಟಕ್ಕೆ ಕಂಚು. ಇಂಚಿಯಾನಿನಲ್ಲಿ ಪ್ರಿಯಾಂಕಾ ಪವಾರ್, ಟಿಂಟು ಲೂಕಾ, ಮನ್‌ದೀಪ್ ಕೌರ್ ಇವರ ಜೊತೆಗೂಡಿ 3 ನಿಮಿಷ 28.68 ಸೆಕೆಂಡಿನಲ್ಲಿ ರಿಲೇ ಚಿನ್ನವನ್ನೂ ಗೆದ್ದರು. ಒ.ಎನ್.ಜಿ.ಸಿ.ಯಲ್ಲಿ ಅವರಿಗೆ ಉದ್ಯೋಗ ದೊರೆಯಿತು. 2015ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಆದರೂ ಅವರ ಜೀವಮಾನದ ದೊಡ್ಡ ಕೆಲಸ ರಿಲೇ ಓಟವೇ ಎಂದು ನಮ್ಮ ಅಭಿಪ್ರಾಯ.

ರಿಲೇಯ ರೀತಿಯನ್ನು ಇಲ್ಲಿ ಕೊಂಚ ವಿವರಿಸುವುದು ಅವಶ್ಯ. ಬ್ಯಾಟನ್ ಎಂಬುದು ಒಂದು ಅಡಿಗಿಂತ ತುಸು ಗಿಡ್ಡವಾದ ಟೊಳ್ಳು ಕೊಳವೆ. ತೂಕ 50 ಗ್ರಾಮಿಗೆ ಕಡಮೆಯಿರಕೂಡದು. ಗೊತ್ತುಮಾಡಿದ ಗೆರೆಗಳ ನಡುವೆಯೇ ಅದು ಕೈ ಬದಲಾಗಬೇಕು. 100 ಮೀಟರ್ ರಿಲೇಯಲ್ಲಿ ಪಡೆಯುವವರು ಹಿಂದಿರುಗಿ ನೋಡದೆ ಕೈ ಚಾಚುತ್ತಾರೆ. 400 ಮೀಟರಿನಲ್ಲಿ ಹಾಗಲ್ಲ. ಬರುವವರು ದಣಿದು ತತ್ತರಿಸುತ್ತಿರುತ್ತಾರಾದ್ದರಿಂದ, ಪಡೆಯುವವರೇ ತಿರುಗಿ ನೋಡಿ, ಅವರ ವೇಗವನ್ನು ಅಳೆದು, ಕೋಲನ್ನು ಅವರ ಕೈಯಿಂದ ತೆಗೆದುಕೊಳ್ಳಬೇಕು. ಎರಡನೆಯವರಿಗೆ ಇನ್ನೂ ಒಂದು ತೊಡಕುಂಟು. ಮೊದಲ ತಿರುವು ಮುಗಿದೊಡನೆ ಎಲ್ಲ ತಂಡದವರೂ ತಮ್ಮ ತಮ್ಮ ಓಣಿ ಬಿಟ್ಟು ಒಳಬದಿಗೆ ನುಗ್ಗುತ್ತಾರೆ. ಆ ನೂಕುನುಗ್ಗಲಿನಲ್ಲಿ ಜಾಗ ಹಿಡಿಯಬೇಕು. ಮುಂದಿನವರಿಗೆ ಆ ಜಾಗವನ್ನು ಕೆಡದಂತೆ ಒಪ್ಪಿಸಬೇಕು.

ಜಕಾರ್ತಾದಲ್ಲಿ ಪೂವಮ್ಮನವರ ಪಾಲಿಗೆ ಬಂದದ್ದು ಈ ಎರಡನೆಯ ಸುತ್ತು. ಅಸ್ಸಾಮಿನ ಹಿಮಾ ದಾಸ್ ಮೊದಲ ಸುತ್ತಿನಲ್ಲೇ ಮುನ್ನಡೆ ಗಳಿಸಿಕೊಟ್ಟರು. ಪೂವಮ್ಮನವರು ಅದನ್ನು ಕಾಯ್ದು ಸರಿತಾ ಅವರಿಗೆ ಒಪ್ಪಿಸಿದರು. ಸರಿತಾ ಕೇರಳದ ವಿಸ್ಮಯ ಅವರಿಗೆ ಒಪ್ಪಿಸಿದರು. ಕಾಲ 3 ನಿಮಿಷ 28.72 ಸೆಕೆಂಡು. ಎರಡನೆಯ ಸ್ಥಾನದ ಬಹ್ರೇನ್ 1.89 ಸೆಕೆಂಡು ಹಿಂದೆ ಉಳಿಯಿತು. 2002ರಿಂದ ಎಡೆಬಿಡದೆ ಭಾರತದ ಮಹಿಳೆಯರು ಈ ಓಟದಲ್ಲಿ ಗೆದ್ದ ಐದನೆಯ ಚಿನ್ನ ಅದು. ಇದಕ್ಕೆ ಎರಡು ದಿನ ಹಿಂದೆ ಸ್ತ್ರೀಪುರುಷರ ಮಿಶ್ರ ರಿಲೇಯಲ್ಲಿ ಪೂವಮ್ಮನವರಿದ್ದ ತಂಡಕ್ಕೆ ಬೆಳ್ಳಿ ಬಂದಿತ್ತು. ಗೆದ್ದ ಬಹ್ರೇನ್ ತಂಡದ ಓಟಗಾರ್ತಿಯೊಬ್ಬರು ನಿಷೇಧಿತ ಮದ್ದು ಸೇವಿಸಿದ್ದು ರುಜುವಾತಾಗಿ, 2020ರಲ್ಲಿ ಆ ಬೆಳ್ಳಿಯೂ ಚಿನ್ನವಾಯಿತು.

ಇಲ್ಲಿಗೆ ನಿಲ್ಲಿಸಿದರೆ ಲೇಖನ ಅಂದವಾಗಿ ಮುಗಿಯುತ್ತಿತ್ತು. ಆದರೆ ಖರ್ಚಿನ ಪುಟವನ್ನು ಮುಚ್ಚಿಟ್ಟ ಖಾತೆಯನ್ನು ಯಾವ ತಪಾಸಣೆಯವರೂ ಒಪ್ಪುವುದಿಲ್ಲ. ಇತರರ ಮದ್ದಿನಿಂದ ನಮಗೆ ಬಂದ ಚಿನ್ನವನ್ನು ಬರೆದ ಮೇಲೆ ನಮ್ಮವರದನ್ನೂ ಬರೆಯಬೇಕು. 2021ರ ಫೆಬ್ರವರಿಯಲ್ಲಿ ಪಟಿಯಾಲದಲ್ಲಿ ಪೂವಮ್ಮನವರಿಂದ ಪಡೆದ ಮಾದರಿಯಲ್ಲಿ ನಿಷೇಧಿತ ಉತ್ತೇಜಕವೊಂದು ಕಂಡುಬಂತು. ಮೊದಲು 3 ತಿಂಗಳ ಶಿಕ್ಷೆಯಾಯಿತು. 2022ರಲ್ಲಿ ಮೇಲ್ಮನವಿ ಸಮಿತಿ ಅದನ್ನು 2 ವರ್ಷಕ್ಕೆ ಏರಿಸಿತು. ಕುಂದಾಪುರದ ಕಡೆಯ ಅಶ್ವಿನಿ ಅಕ್ಕುಂಜಿಯವರ ಪಾಡನ್ನೂ ಹಿರಿಯರು ಮರೆತಿರಲಾರರು. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದ ರಿಲೇ ಚಿನ್ನ, ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ ಎರಡು ಚಿನ್ನ. 2011ರಲ್ಲಿ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕು ನಿಷೇಧ. ಏನನ್ನು ಸೇವಿಸುತ್ತೇವೆಂಬುದಕ್ಕೆ ಕ್ರೀಡಾಪಟುವೇ ಹೊಣೆ ಎಂಬುದು ನಿಯಮ. ಅದು ಕಠಿಣವಾದರೂ ಬೇರೆ ನಿಯಮದಿಂದ ಆಟ ನಡೆಯದು.

ಮೂವತ್ತು ದಾಟಿದ ಓಟಗಾರ್ತಿಗೆ ಎರಡು ವರ್ಷವೆಂದರೆ ಬಹುಮಟ್ಟಿಗೆ ನಿವೃತ್ತಿಯೇ. ಪೂವಮ್ಮನವರು ನಿವೃತ್ತರಾಗಲಿಲ್ಲ. ಶಿಕ್ಷೆ ಮುಗಿಸಿ, ತಮಗಿಂತ ಬಹಳ ಕಿರಿಯರ ಜೊತೆ ನಿಂತು ಮತ್ತೆ ಸ್ಥಾನ ಗಳಿಸಿದರು. 2024ರ ಮೇ ತಿಂಗಳಲ್ಲಿ ಬಹಾಮಾಸ್ ದ್ವೀಪಗಳ ನಸ್ಸೌ ನಗರದಲ್ಲಿ ನಡೆದ ವಿಶ್ವ ರಿಲೇ ಕೂಟದಲ್ಲಿ ಅವರಿದ್ದ ತಂಡ 3 ನಿಮಿಷ 29.35 ಸೆಕೆಂಡಿನಲ್ಲಿ ಓಡಿ ಒಲಿಂಪಿಕ್ಸಿಗೆ ಅರ್ಹತೆ ಪಡೆಯಿತು. ಆಗಸ್ಟಿನಲ್ಲಿ, 34ನೆಯ ವಯಸ್ಸಿನಲ್ಲಿ, ಅವರು ಪ್ಯಾರಿಸ್ಸಿನಲ್ಲಿ ಓಡಿದರು. ತಂಡ ಪ್ರಾಥಮಿಕ ಸುತ್ತನ್ನು ದಾಟಲಿಲ್ಲ. ಕಾಲ 3 ನಿಮಿಷ 32.51 ಸೆಕೆಂಡು.

ಈ ಕೊನೆಯ ಅಂಕಿಯನ್ನು ಕಂಡು ನಾವು ಬೆರಗಾದೆವು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಪಿ. ಟಿ. ಉಷಾ, ಶೈನಿ ಅಬ್ರಹಾಂ, ಎಂ. ಡಿ. ವಲ್ಸಮ್ಮ, ವಂದನಾ ರಾವ್ ಇವರ ತಂಡ ಇದೇ ಓಟದ ಅಂತಿಮ ಸುತ್ತಿನಲ್ಲಿ 7ನೆಯ ಸ್ಥಾನ ಪಡೆದಾಗ ಗಡಿಯಾರ ತೋರಿದ್ದು 3 ನಿಮಿಷ 32.49 ಸೆಕೆಂಡು. ಅಂದು ಅದು ಏಷ್ಯಾದ ದಾಖಲೆ. ನಡುವೆ ನಮ್ಮವರು ಅದಕ್ಕಿಂತ ವೇಗವಾಗಿ ಹಲವು ಬಾರಿ ಓಡಿದ್ದಾರೆ, ನಿಜ. ಆದರೂ ಅಂದು ಅಂತಿಮ ಸುತ್ತಿಗೆ ಸಾಲುತ್ತಿದ್ದ ಕಾಲ ನಲವತ್ತು ವರ್ಷಗಳ ಮೇಲೆ ಮೊದಲ ಸುತ್ತಿಗೂ ಸಾಲದಾಯಿತು. ಜಗತ್ತು ಮುಂದೆ ಓಡಿದೆ. ಅದರೊಡನೆ ಓಡಬೇಕಾದರೆ ಒಬ್ಬ ಉಷಾ, ಒಬ್ಬ ಪೂವಮ್ಮ ಸಾಲರು. ಕೈಗೆ ಕೈ ಸೇರಿಸುವ ನೂರಾರು ಹುಡುಗಿಯರು ಬೇಕು.

ಅವರು ಎಲ್ಲಿಂದ ಬರಬೇಕು? ಈ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬಂದು ನಿಂತಿದೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಅಹಮದಾಬಾದಿಗೆ ಕೊಡುವುದೆಂದು 2025ರ ನವೆಂಬರಿನಲ್ಲಿ ತೀರ್ಮಾನವಾಯಿತು. ಇತ್ತ ನಮ್ಮ ಸಂಘದ ಕುಟುಂಬಗಳಲ್ಲಿ, ಎಂಟನೆಯ ತರಗತಿಯವರೆಗೆ ಕಾಂಕರಿಯಾ ಕೆರೆಯ ಸುತ್ತ ಓಡಿಕೊಂಡಿದ್ದ ಹುಡುಗಿ ಒಂಬತ್ತನೆಯದಕ್ಕೆ ಬಂದೊಡನೆ ಟ್ಯೂಷನ್ನಿಗೆ ಹೋಗುತ್ತಾಳೆ. ಓಟ ಅಲ್ಲಿಗೆ ಮುಗಿಯಿತು. ಇದನ್ನು ಬರೆಯುವ ನಾವೂ ಮನೆಯಲ್ಲಿ ಹಾಗೆಯೇ ಮಾಡಿದವರು. ಡಾಂಗಿನ ಹಳ್ಳಿಯಿಂದ ಹೊರಟ ಸರಿತಾ 2020ರಲ್ಲಿ ಗುಜರಾತಿನಲ್ಲಿ ಪೊಲೀಸ್ ಉಪಾಧೀಕ್ಷಕಿಯಾದರು. ಓಟದಿಂದ ಹೊಟ್ಟೆ ತುಂಬದು ಎನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಕ್ಯಾಷಿಯರ್ ಭಾಯಿಗೆ ನಾವು ಉತ್ತರ ಕೊಟ್ಟದ್ದು ಮಧ್ಯಾಹ್ನದ ಊಟದ ಹೊತ್ತಿಗೆ, ಪತ್ರಿಕೆ ನೋಡಿಕೊಂಡು. ಅವರು ಆ ಹೆಸರನ್ನು ಎರಡು ಸಲ ಹೇಳಿ ನೋಡಿ, ನಾಲಿಗೆಗೆ ಕೂರಿಸಿಕೊಂಡರು. “ನಿಮ್ಮ ಪೂವಮ್ಮ ಕೊಟ್ಟಳು, ನಮ್ಮ ಸರಿತಾ ಪಡೆದಳು” ಎಂದರು. ಮುಂದೆ ಯಾರಾದರೂ ಕೇಳಿದಾಗ ನಮ್ಮ ಸಂಘದ ಮಕ್ಕಳು ಪತ್ರಿಕೆ ನೋಡದೆಯೇ ಆ ಹೆಸರು ಹೇಳುವಂತಾದರೆ ಈ ಲೇಖನದ ಶ್ರಮ ಸಾರ್ಥಕವೆಂದು ಭಾವಿಸುತ್ತೇವೆ.